ಗುರುಗಳ ತಂಡ: ಕಾನ್ಸಸ್ ಬ್ಯಾಸ್ಕೆಟ್‌ಬಾಲ್‌ನ ಒಂದೂಕಾಲು ಶತಮಾನ

ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ ವ್ಯಕ್ತಿಯೇ ಮೊದಲ ಕೋಚ್ ಆಗಿದ್ದ ತಂಡ ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ್ದು. ಲಾರೆನ್ಸ್ ಎಂಬ ಪುಟ್ಟ ನಗರದಲ್ಲಿರುವ ಈ ವಿಶ್ವವಿದ್ಯಾಲಯದ ಪುರುಷರ ತಂಡ ‘ಜೇಹಾಕ್ಸ್’ 1952, 1988, 2008 ಮತ್ತು 2022ರಲ್ಲಿ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಒಟ್ಟು ಗೆಲುವುಗಳ ಸಂಖ್ಯೆ 2,300 ದಾಟಿದೆ. ಆದರೆ ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಅಂಕಿ ಬೇರೆಯೇ ಇದೆ. 1898ರಿಂದ ಇಲ್ಲಿಯವರೆಗೆ ಈ ತಂಡಕ್ಕೆ ಕೋಚ್ ಆದವರು ಕೇವಲ ಎಂಟು ಮಂದಿ. ಕಾನ್ಸಸ್‌ನ ಹಿರಿಮೆ ಇರುವುದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಂದ ಕಲಿಕೆಯಲ್ಲಿ. ಇಂದು ಕಾಲೇಜು ಕ್ರೀಡೆಗೆ ಹರಿದುಬರುತ್ತಿರುವ ಹಣ ಪರೀಕ್ಷೆಗೆ ಒಡ್ಡಿರುವುದೂ ಅದನ್ನೇ.

ಸೋತರೂ ಗುರುವಾದವರು

ಕೆನಡಾ ಮೂಲದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಈ ಆಟವನ್ನು ರೂಪಿಸಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ಯುವಕರಿಗಾಗಿ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದರು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ತೆರೆದರು. ದಕ್ಷಿಣ ಭಾರತದ ಶಾಲಾ ಮೈದಾನಗಳಿಗೂ ಲಾರೆನ್ಸ್‌ಗೂ ಹೀಗೆ ಒಂದೇ ಮೂಲದ ನಂಟಿದೆ.

ನೈಸ್ಮಿತ್ 1898ರಲ್ಲಿ ದೈಹಿಕ ಶಿಕ್ಷಣ ಮತ್ತು ಪ್ರಾರ್ಥನಾ ಮಂದಿರದ ಹೊಣೆ ಹೊತ್ತು ಲಾರೆನ್ಸ್‌ಗೆ ಬಂದರು. 1899ರ ಫೆಬ್ರವರಿಯಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಕಾನ್ಸಸ್ ಸಿಟಿ ವೈಎಂಸಿಎ ಎದುರು ತಂಡ 5-16ರಿಂದ ಸೋತಿತು. 1907ರವರೆಗಿನ ಅವರ ಲೆಕ್ಕ 55 ಗೆಲುವು, 60 ಸೋಲು. ಎಂಟು ಕೋಚ್‌ಗಳ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರಿಗೆ ಮಾತ್ರ. ಅವರಿಗೆ ಆಟವೆಂದರೆ ಮೈಮನಸ್ಸನ್ನು ಹದಗೊಳಿಸುವ ಸಾಧನವಾಗಿತ್ತು.

ಆ ನಿಲುವಿನ ಅತ್ಯುತ್ತಮ ಫಲ ಜಾನ್ ಮೆಕ್ಲೆಂಡನ್. ಕಪ್ಪು ವರ್ಣೀಯರೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಅವಕಾಶವೇ ಇಲ್ಲದ ಅವರನ್ನು ನೈಸ್ಮಿತ್ ಶಿಷ್ಯನಾಗಿ ಸ್ವೀಕರಿಸಿದರು. 1936ರಲ್ಲಿ ಪದವಿ ಪಡೆದ ಮೆಕ್ಲೆಂಡನ್ ಮುಂದೆ ವೇಗದ ಆಟದ ಹರಿಕಾರರಾದರು. 1957ರಿಂದ 1959ರವರೆಗೆ ಟೆನೆಸಿ ಎ ಅಂಡ್ ಐ ಕಾಲೇಜಿಗೆ ಸತತ ಮೂರು ಎನ್‌ಎಐಎ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು.

ಅಲೆನ್ ಕಟ್ಟಿದ ಮನೆ

ನೈಸ್ಮಿತ್ ಅವರ ತಂಡದಲ್ಲಿ ಆಡಿದ ಫಾರೆಸ್ಟ್ ‘ಫಾಗ್’ ಅಲೆನ್ ಕೋಚ್ ಕೆಲಸವನ್ನೇ ಒಂದು ವೃತ್ತಿಯನ್ನಾಗಿ ಮಾಡಿದರು. 1907ರಿಂದ ಎರಡು ವರ್ಷ, ಬಳಿಕ 1919ರಿಂದ 1956ರವರೆಗೆ ಅವರದೇ ಸಾರಥ್ಯ. ಕಾನ್ಸಸ್‌ನಲ್ಲಿ 590 ಗೆಲುವು. 1927ರಲ್ಲಿ ಕೋಚ್‌ಗಳ ರಾಷ್ಟ್ರೀಯ ಸಂಘಟನೆ ಹುಟ್ಟುಹಾಕಿದ ಅವರು, 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿಸಲು ಹೋರಾಡಿದರು. ಆ ಕೂಟಕ್ಕೆ ಗುರು ನೈಸ್ಮಿತ್ ಸಾಕ್ಷಿಯಾದರು.

1952ರಲ್ಲಿ ಕ್ಲೈಡ್ ಲವ್ಲೆಟ್ ಆಟದ ಬಲದಿಂದ ಕಾನ್ಸಸ್ ಫೈನಲ್‌ನಲ್ಲಿ ಸೇಂಟ್ ಜಾನ್ಸ್ ತಂಡವನ್ನು 80-63ರಿಂದ ಮಣಿಸಿತು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಕಾನ್ಸಸ್‌ನ ಏಳು ಆಟಗಾರರಿದ್ದರು. ಆದರೆ ಅಲೆನ್ ಗರಡಿಯ ನಿಜವಾದ ಕೊಡುಗೆ ಅಂಗಳದಾಚೆಗಿನದು. 1920ರ ದಶಕದಲ್ಲಿ ಅವರ ಕೈಕೆಳಗೆ ಆಡಿದ ಅಡಾಲ್ಫ್ ರಪ್ ಕೆಂಟಕಿಯನ್ನು ಕಟ್ಟಿ 876 ಪಂದ್ಯ ಗೆದ್ದರು. 1952ರ ತಂಡದ ಬೆಂಚಿನಲ್ಲಿದ್ದ ಡೀನ್ ಸ್ಮಿತ್ ನಾರ್ತ್ ಕ್ಯಾರೊಲೈನಾದಲ್ಲಿ 879 ಗೆದ್ದರು. ಕಾನ್ಸಸ್‌ನ ಎರಡು ದೊಡ್ಡ ಎದುರಾಳಿ ಮನೆತನಗಳು ಬೆಳೆದದ್ದು ಕಾನ್ಸಸ್‌ನ ಶಿಷ್ಯರಿಂದಲೇ.

1955ರ ಮಾರ್ಚ್ 1ರಂದು ತೆರೆದ ಅಲೆನ್ ಫೀಲ್ಡ್‌ಹೌಸ್ ಇಂದಿಗೂ ತಂಡದ ತವರು. ಸುಮಾರು 15,300 ಜನ ಹಿಡಿಸುವ ಈ ಒಳಾಂಗಣದ ಅಂಗಳಕ್ಕೆ ನೈಸ್ಮಿತ್ ಹೆಸರಿದೆ. ‘ರಾಕ್ ಚಾಕ್, ಜೇಹಾಕ್’ ಎಂಬ ಘೋಷಕ್ಕೆ ಕ್ರೀಡಾಂಗಣಕ್ಕಿಂತ ಹೆಚ್ಚು ವಯಸ್ಸು. ಅದು 1886ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಂದ ಶುರುವಾದದ್ದು. ನೈಸ್ಮಿತ್ ಬರೆದ ಮೂಲ ನಿಯಮಗಳ ಹಾಳೆಗಳನ್ನು ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ 2010ರ ಹರಾಜಿನಲ್ಲಿ ಸುಮಾರು 43 ಲಕ್ಷ ಡಾಲರ್‌ಗೆ ಕೊಂಡರು. ಈಗ ಅವು ಪಕ್ಕದ ಕಟ್ಟಡದಲ್ಲಿ ಎಲ್ಲರಿಗೂ ನೋಡಸಿಗುತ್ತವೆ.

ಚೇಂಬರ್ಲೇನ್, ವುಡರ್ಡ್

ಫಿಲಡೆಲ್ಫಿಯಾದ ವಿಲ್ಟ್ ಚೇಂಬರ್ಲೇನ್‌ರನ್ನು ಕರೆತಂದವರು ಅಲೆನ್. ಆದರೆ 70ನೇ ವಯಸ್ಸಿಗೆ ಕಡ್ಡಾಯ ನಿವೃತ್ತಿಯ ನಿಯಮದಿಂದಾಗಿ ಚೇಂಬರ್ಲೇನ್‌ರನ್ನು ಆಡಿಸುವ ಭಾಗ್ಯ ಮುಂದಿನ ಕೋಚ್ ಡಿಕ್ ಹಾರ್ಪ್ ಪಾಲಿಗೆ ಬಂತು. 1956ರ ಡಿಸೆಂಬರ್‌ನ ಚೊಚ್ಚಲ ಪಂದ್ಯದಲ್ಲೇ ಚೇಂಬರ್ಲೇನ್ 52 ಅಂಕ, 31 ರಿಬೌಂಡ್ ಗಳಿಸಿದರು. 1957ರ ಫೈನಲ್ ಮೂರು ಹೆಚ್ಚುವರಿ ಅವಧಿಗಳವರೆಗೆ ಎಳೆದು, ನಾರ್ತ್ ಕ್ಯಾರೊಲೈನಾ 54-53ರಿಂದ ಗೆದ್ದಿತು. ಆ ಸೋಲು ಮತ್ತು ಎದುರಿಸಬೇಕಾಗಿ ಬಂದ ವರ್ಣಭೇದ ಎರಡೂ ಅವರನ್ನು ಕಾಡಿದವು. 1958ರಲ್ಲಿ ಹೊರಟವರು ತಮ್ಮ ಜೆರ್ಸಿಯ ಗೌರವ ಸಮಾರಂಭಕ್ಕೆ ಮರಳಿದ್ದು 1998ರಲ್ಲಿ. ಸಭಿಕರು ಎದ್ದು ನಿಂತು ಬರಮಾಡಿಕೊಂಡರು.

ಮಹಿಳಾ ತಂಡದ ಲಿನೆಟ್ ವುಡರ್ಡ್ ಅವರನ್ನು ಬಿಟ್ಟರೆ ಕಾನ್ಸಸ್ ಚರಿತ್ರೆ ಅಪೂರ್ಣ. ಮೇರಿಯನ್ ವಾಷಿಂಗ್ಟನ್ ಗರಡಿಯಲ್ಲಿ ಆಡಿದ ಅವರು 1981ಕ್ಕೆ ಮುಗಿದ ನಾಲ್ಕು ವರ್ಷಗಳಲ್ಲಿ 3,649 ಅಂಕ ಗಳಿಸಿದರು. ಮಹಿಳಾ ಕ್ರೀಡೆಯನ್ನು ಎನ್‌ಸಿಎಎ ಆಗಿನ್ನೂ ನಡೆಸುತ್ತಿರಲಿಲ್ಲವಾದ್ದರಿಂದ ಆ ಅಂಕಗಳು ಅದರ ದಾಖಲೆಪುಸ್ತಕಕ್ಕೆ ಸೇರಲಿಲ್ಲ. 2024ರಲ್ಲಿ ಕಾಲೇಜು ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಆ ಮೊತ್ತ ದಾಟಿದಾಗಲೇ ಹೊಸ ಪೀಳಿಗೆ ವುಡರ್ಡ್ ಹೆಸರು ಕೇಳಿತು. ಇದು ಆಕೆಗಾದ ಅನ್ಯಾಯ.

ಶಿಷ್ಯರ ಶಿಷ್ಯರು ಮರಳಿದ ಕಾಲ

ಹಾರ್ಪ್ ನಂತರ ಕೋಚ್ ಆದ ಟೆಡ್ ಓವನ್ಸ್ 1971 ಮತ್ತು 1974ರಲ್ಲಿ ತಂಡವನ್ನು ಅಂತಿಮ ನಾಲ್ಕರ ಘಟ್ಟಕ್ಕೆ ಒಯ್ದರು. 1983ರಲ್ಲಿ ಬಂದ ಲ್ಯಾರಿ ಬ್ರೌನ್ ಡೀನ್ ಸ್ಮಿತ್ ಅವರ ಶಿಷ್ಯ. ಅಲ್ಲಿಗೆ ಲಾರೆನ್ಸ್‌ನಿಂದ ಹೊರಟ ವಿದ್ಯೆ ಲಾರೆನ್ಸ್‌ಗೇ ಮರಳಿತು. 1988ರಲ್ಲಿ ಋತುವಿನುದ್ದಕ್ಕೂ 11 ಪಂದ್ಯ ಸೋತಿದ್ದ ತಂಡ, ಫೈನಲ್‌ನಲ್ಲಿ ಡ್ಯಾನಿ ಮ್ಯಾನಿಂಗ್ ಗಳಿಸಿದ 31 ಅಂಕ, 18 ರಿಬೌಂಡ್‌ಗಳ ನೆರವಿನಿಂದ ಓಕ್ಲಹೋಮವನ್ನು 83-79ರಿಂದ ಸೋಲಿಸಿತು. ಆದರೆ ಆಟಗಾರರ ನೇಮಕದಲ್ಲಾದ ನಿಯಮಭಂಗಕ್ಕೆ ಎನ್‌ಸಿಎಎ ದಂಡ ವಿಧಿಸಿದ್ದರಿಂದ ಮರುವರ್ಷದ ಟೂರ್ನಿಗೆ ಚಾಂಪಿಯನ್ನರಿಗೇ ಪ್ರವೇಶ ಸಿಗಲಿಲ್ಲ.

ಮುಂದೆ ಬಂದ ರಾಯ್ ವಿಲಿಯಮ್ಸ್ ಕೂಡ ಸ್ಮಿತ್ ಅವರ ಸಹಾಯಕರಾಗಿದ್ದವರೇ. ಹದಿನೈದು ವರ್ಷಗಳಲ್ಲಿ 418 ಗೆಲುವು, ನಾಲ್ಕು ಬಾರಿ ಅಂತಿಮ ನಾಲ್ಕು. 2003ರ ಫೈನಲ್‌ನಲ್ಲಿ ಸಿರಾಕ್ಯೂಸ್‌ಗೆ 78-81ರಿಂದ ಸೋತ ಮೇಲೆ ಅವರು ನಾರ್ತ್ ಕ್ಯಾರೊಲೈನಾಕ್ಕೆ ಹೋದರು. ಆ ಜಾಗಕ್ಕೆ ಬಂದ ಬಿಲ್ ಸೆಲ್ಫ್ ಹಿಂದೆ ಇದೇ ಲಾರೆನ್ಸ್‌ನಲ್ಲಿ ಬ್ರೌನ್ ಕೈಕೆಳಗೆ ಪಳಗಿದವರು.

ಸೆಲ್ಫ್ ಕಾಲದ ಸಾಧನೆ ದೊಡ್ಡದು. 2005ರಿಂದ 2018ರವರೆಗೆ ಸತತ ಹದಿನಾಲ್ಕು ಬಾರಿ ಬಿಗ್ 12 ಲೀಗ್ ಗೆದ್ದು ಯುಸಿಎಲ್‌ಎ ದಾಖಲೆ ಮುರಿದರು. 2008ರ ಫೈನಲ್‌ನಲ್ಲಿ 2.1 ಸೆಕೆಂಡ್ ಉಳಿದಿದ್ದಾಗ ಮಾರಿಯೋ ಚಾಮರ್ಸ್ ಹಾಕಿದ ಮೂರು ಅಂಕದ ಎಸೆತ ಪಂದ್ಯವನ್ನು ಸಮಗೊಳಿಸಿತು. ಹೆಚ್ಚುವರಿ ಅವಧಿಯಲ್ಲಿ ಮೆಂಫಿಸ್ 75-68ರಿಂದ ಸೋತಿತು. ಮೆಂಫಿಸ್ ಕೋಚ್ ಜಾನ್ ಕ್ಯಾಲಿಪಾರಿ ವೃತ್ತಿ ಆರಂಭಿಸಿದ್ದೂ ಲಾರೆನ್ಸ್‌ನಲ್ಲೇ. 2012ರ ಫೈನಲ್‌ನಲ್ಲಿ ಕೆಂಟಕಿಯ ಕೋಚ್ ಆಗಿ ಅವರು ಸೇಡು ತೀರಿಸಿಕೊಂಡರು. 2022ರಲ್ಲಿ ನಾರ್ತ್ ಕ್ಯಾರೊಲೈನಾ ಎದುರು ವಿರಾಮದ ಹೊತ್ತಿಗೆ 15 ಅಂಕ ಹಿಂದಿದ್ದ ಕಾನ್ಸಸ್ 72-69ರಿಂದ ಗೆದ್ದಿತು. ಫೈನಲ್‌ಗಳ ಇತಿಹಾಸದಲ್ಲಿ ವಿರಾಮದ ಹೊತ್ತಿನ ಅಷ್ಟು ದೊಡ್ಡ ಹಿನ್ನಡೆ ಮೀರಿ ಗೆದ್ದ ತಂಡ ಬೇರೊಂದಿಲ್ಲ. ಇದರ ಜತೆಗೆ ಕಳಂಕವನ್ನೂ ಹೇಳಬೇಕು. ಆಟಗಾರರ ನೇಮಕದ ವಿಚಾರಣೆ 2023ರಲ್ಲಿ ಮುಗಿದಾಗ 2018ರ ಅಂತಿಮ ನಾಲ್ಕರ ಸಾಧನೆಯೂ ಸೇರಿದಂತೆ ಆ ಋತುವಿನ 15 ಗೆಲುವುಗಳು ದಾಖಲೆಯಿಂದ ಹೋದವು.

ಇಂದಿನ ತಂಡ

2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದು. ಕಾಲೇಜು ಬದಲಿಸಿದರೂ ವರ್ಷ ಕಾಯಬೇಕಿಲ್ಲ. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಸಂಭಾವನೆ ಕೊಡಬಹುದು. ದುಡಿಯುವವರಿಗೆ ಪಾಲು ಸಿಕ್ಕಿದ್ದು ನ್ಯಾಯವೇ. ಆದರೆ ತಂಡವೆಂಬುದು ಈಗ ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಕೂಡಿಸಬೇಕಾದ ಗುಂಪಾಗಿದೆ. ಋತು ಆರಂಭಕ್ಕೆ ಮುನ್ನ ದೇಶದ ಮೊದಲ ಸ್ಥಾನದಲ್ಲಿದ್ದ 2024-25ರ ತಂಡ 13 ಪಂದ್ಯ ಸೋತಿತು. ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲೇ ಅದನ್ನು ಕೆಡವಿದ್ದು ಅರ್ಕನ್ಸಾ ತಂಡ. ಅದರ ಕೋಚ್ ಮತ್ತೆ ಕ್ಯಾಲಿಪಾರಿ.

2025-26ರ ತಂಡದ ಕೇಂದ್ರ ಓಹಾಯೊದ ಡ್ಯಾರಿನ್ ಪೀಟರ್ಸನ್. ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ ವೃತ್ತಿಪರ ಲೀಗ್ ಎನ್‌ಬಿಎಯ ಕಣ್ಣು ಸೆಳೆದ ಈ ಗಾರ್ಡ್‌ಗೆ ಋತುವಿನ ಆರಂಭದಲ್ಲೇ ಗಾಯ ಅಡ್ಡಿಯಾಯಿತು. ಕಾಂಗೋದ ಫ್ಲೋರಿ ಬಿಡುಂಗಾ ಎರಡನೇ ವರ್ಷವೂ ಉಳಿದು ಬುಟ್ಟಿಯ ಕಾವಲಿಗೆ ನಿಂತರು. ಮೆಲ್ವಿನ್ ಕೌನ್ಸಿಲ್, ಟ್ರೇ ವೈಟ್ ಬೇರೆ ಕಾಲೇಜುಗಳಿಂದ ಬಂದವರು.

ಇತಿಹಾಸ ಇಲ್ಲಿ ಸ್ಪಷ್ಟ ಪಾಠ ಹೇಳುತ್ತದೆ. 1952ರ ಲವ್ಲೆಟ್, 1988ರ ಮ್ಯಾನಿಂಗ್, 2022ರ ಒಚಾಯ್ ಅಗ್ಬಾಜಿ ನಾಲ್ಕನೇ ವರ್ಷದವರು. 2008ರ ಚಾಮರ್ಸ್ ಮೂರನೇ ವರ್ಷದವರು. ಮುಂದೆ ಎನ್‌ಬಿಎ ತಾರೆಗಳಾದ ಆಂಡ್ರ್ಯೂ ವಿಗಿನ್ಸ್, ಜೋಯೆಲ್ ಎಂಬೀಡ್ ಒಂದೇ ವರ್ಷ ಇದ್ದ 2014ರಲ್ಲಿ ತಂಡ ಎನ್‌ಸಿಎಎ ಟೂರ್ನಿಯ ಎರಡನೇ ಪಂದ್ಯದಲ್ಲೇ ಸ್ಟ್ಯಾನ್‌ಫರ್ಡ್‌ಗೆ ಸೋತಿತು. ಪ್ರತಿಭೆಗೆ ಹಣ ಕೊಡಬಹುದು. ಜತೆಯಾಗಿ ಆಡಿ ಪಳಗಿದ ವರ್ಷಗಳನ್ನು ಕೊಳ್ಳಲಾಗದು.

ಆದ್ದರಿಂದ ಕಾನ್ಸಸ್ ತನ್ನ ಹಣವನ್ನು ಒಂದು ವರ್ಷದ ತಾರೆಗಳಿಗಿಂತ ಹೆಚ್ಚಾಗಿ ಬಿಡುಂಗಾನಂಥ ಆಟಗಾರರನ್ನು ಪದವಿಯವರೆಗೆ ಉಳಿಸಿಕೊಳ್ಳಲು ಬಳಸಬೇಕು. ಸೆಲ್ಫ್ ನಂತರದ ಕೋಚನ್ನು ಆರಿಸುವ ದಿನ ಬಂದಾಗಲೂ ಹೆಸರಿನ ಬೆಲೆಗಿಂತ ಕಲಿಸುವ ಶಕ್ತಿಯನ್ನೇ ನೋಡಬೇಕು. ಎಂಟು ಗುರುಗಳಲ್ಲಿ ಒಂದೂಕಾಲು ಶತಮಾನ ನಡೆದ ಸಂಸ್ಥೆಗೆ ಇದು ಹೊಸ ದಾರಿಯೇನಲ್ಲ.