ಅಂತರದ ಲೆಕ್ಕ: ಆರ್ಸೆನಲ್ ಮತ್ತು ಟಾಟನ್‌ಹ್ಯಾಮ್ ಅಭಿಮಾನಿಗಳ ಅಳತೆಗೋಲುಗಳ ಕುರಿತು ಒಂದು ಟಿಪ್ಪಣಿ

ಉತ್ತರ ಲಂಡನ್ನಿನ ಆರ್ಸೆನಲ್ ಮತ್ತು ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್‌ಗಳು ಸೆಣಸುವ ವಾರ ಬಂತೆಂದರೆ ಎರಡೂ ಕಡೆಯ ಅಭಿಮಾನಿಗಳು ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ: ಕಳೆದ ಸಲ ಆಡಿದಾಗಿನಿಂದ ನಾವು ಅವರಿಗೆ ಹತ್ತಿರವಾದೆವೋ, ದೂರವಾದೆವೋ? ಉತ್ತರಕ್ಕೆ ಮೊದಲು ಅಂಕಪಟ್ಟಿ ನೋಡುತ್ತಾರೆ. ಅದು ಸಾಲದೆ ಹೋದರೆ ಟ್ರೋಫಿಗಳನ್ನು ಎಣಿಸುತ್ತಾರೆ. ಎರಡೂ ತಂಡಗಳ ಆಟಗಾರರನ್ನು ಬೆರೆಸಿ ಒಂದು ಹನ್ನೊಂದರ ಬಳಗ ಕಟ್ಟಿ, ಅದರಲ್ಲಿ ನಮ್ಮವರೆಷ್ಟು ಅವರವರೆಷ್ಟು ಎಂದು ವಾದ ಮಾಡುತ್ತಾರೆ. ಇದನ್ನು ಬರೀ ಹುಮ್ಮಸ್ಸಿನ ಮಾತೆಂದು ಬದಿಗಿಡುವುದು ಸರಿಯಲ್ಲ. ತಮ್ಮ ಕ್ಲಬ್ ಮುಂದೆ ಹೋಗುತ್ತಿದೆಯೇ ಎಂದು ತಿಳಿಯಲು ಸಾವಿರಾರು ಜನ ದಶಕಗಳಿಂದ ಬಳಸುತ್ತಿರುವ ಒಂದು ಅಳತೆಯ ಕ್ರಮ ಇದು. ಅದರ ಗುಣದೋಷಗಳನ್ನು 2015-16ರಿಂದ 2024-25ರವರೆಗಿನ ಹತ್ತು ಋತುಗಳ ಪ್ರೀಮಿಯರ್ ಲೀಗ್ ಅಂಕಗಳನ್ನಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ.

ಹಿನ್ನೆಲೆಗೆ ಎರಡು ಸಂಗತಿ ಸಾಕು. 1886ರಲ್ಲಿ ಆಗ್ನೇಯ ಲಂಡನ್ನಿನ ವುಲಿಚ್‌ನಲ್ಲಿ ಹುಟ್ಟಿದ ಆರ್ಸೆನಲ್ 1913ರಲ್ಲಿ ಥೇಮ್ಸ್ ದಾಟಿ ಹೈಬರಿಗೆ ಬಂತು. ಟಾಟನ್‌ಹ್ಯಾಮ್ ಬೆಳೆದ ನೆಲಕ್ಕೆ ಅದು ಕೆಲವೇ ಮೈಲಿ ದೂರ. ಎರಡನೆಯದು 1919ರ ಮತದಾನ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ರಥಮ ಡಿವಿಷನ್ನನ್ನು 20 ತಂಡಗಳಿಂದ 22ಕ್ಕೆ ಹಿಗ್ಗಿಸಿದರು. ಯುದ್ಧಕ್ಕೆ ಮುಂಚಿನ ಕೊನೆಯ ಋತುವಿನಲ್ಲಿ ಟಾಟನ್‌ಹ್ಯಾಮ್ ಆ ಡಿವಿಷನ್ನಿನ ಕಟ್ಟಕಡೆಯ ಸ್ಥಾನದಲ್ಲಿತ್ತು. ಆರ್ಸೆನಲ್ ಎರಡನೇ ಡಿವಿಷನ್ನಿನಲ್ಲಿ ಮೊದಲ ನಾಲ್ಕರೊಳಗೂ ಇರಲಿಲ್ಲ. ಆದರೂ ಉಳಿದ ಒಂದು ಸ್ಥಾನಕ್ಕೆ ಮತ ಹಾಕಿದಾಗ ಆರ್ಸೆನಲ್‌ಗೆ 18, ಟಾಟನ್‌ಹ್ಯಾಮ್‌ಗೆ 8 ಮತ ಬಿದ್ದವು. ಆರ್ಸೆನಲ್ ಮೇಲಕ್ಕೆ ಹೋಯಿತು, ಅಂದಿನಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಟಾಟನ್‌ಹ್ಯಾಮ್ ಮರುವರ್ಷವೇ ಎರಡನೇ ಡಿವಿಷನ್ ಗೆದ್ದು ಮೇಲೆ ಬಂದರೂ ಆ ಮತ ಎಣಿಕೆಯನ್ನು ಅದರ ಅಭಿಮಾನಿಗಳು ಇಂದಿಗೂ ಮರೆತಿಲ್ಲ. ಈ ಎರಡು ಕ್ಲಬ್‌ಗಳ ನಡುವೆ ಯಾರು ಮೇಲೆ, ಯಾರು ಕೆಳಗೆ ಎಂಬ ಪ್ರಶ್ನೆ ಮೈದಾನದ ಹೊರಗೇ ಬೇರುಬಿಟ್ಟದ್ದು ಹೀಗೆ.

ಆರ್ಸೆನಲ್ ಅಭಿಮಾನಿಗಳು ಈ ಪ್ರಶ್ನೆಗೆ ಒಂದು ಹಬ್ಬವನ್ನೇ ಕಟ್ಟಿಕೊಂಡಿದ್ದಾರೆ. ಅದರ ಹೆಸರು ಸೇಂಟ್ ಟಾಟರಿಂಗಮ್ಸ್ ಡೇ. ಯಾವ ಪಂಚಾಂಗದಲ್ಲೂ ಇಲ್ಲದ ಈ ಹಬ್ಬದ ದಿನಾಂಕ ವರ್ಷವರ್ಷವೂ ಬದಲಾಗುತ್ತದೆ, ಏಕೆಂದರೆ ಅದನ್ನು ನಿಗದಿ ಮಾಡುವುದು ಒಂದು ಲೆಕ್ಕ. ಟಾಟನ್‌ಹ್ಯಾಮ್ ಈಗ ಗಳಿಸಿರುವ ಅಂಕಗಳಿಗೆ ಉಳಿದ ಪಂದ್ಯಗಳ ಮೂರು ಪಟ್ಟನ್ನು ಕೂಡಿಸಬೇಕು. ಆ ಮೊತ್ತ ಆರ್ಸೆನಲ್ ಆಗಲೇ ಗಳಿಸಿರುವ ಅಂಕಗಳಿಗಿಂತ ಕಡಿಮೆಯಾದ ದಿನವೇ ಹಬ್ಬ. ಅಂದರೆ ಇನ್ನು ಎಲ್ಲ ಪಂದ್ಯ ಗೆದ್ದರೂ ನೆರೆಯವರು ನಮ್ಮನ್ನು ದಾಟಲಾರರು ಎಂದು ಖಚಿತವಾದ ದಿನ. 1995-96ರಿಂದ 2015-16ರವರೆಗೆ ಸತತ 21 ಋತುಗಳಲ್ಲಿ ಆರ್ಸೆನಲ್ ಮೇಲೆಯೇ ಇತ್ತು. ಹಬ್ಬ ಮಾರ್ಚ್‌ನಲ್ಲಿ ಬಂದರೆ ಒಳ್ಳೆಯ ವರ್ಷ, ಮೇ ತಿಂಗಳವರೆಗೆ ಕಾಯಿಸಿದರೆ ಆತಂಕದ ವರ್ಷ ಎನ್ನುವಷ್ಟರ ಮಟ್ಟಿಗೆ ಆ ದಿನಾಂಕವೇ ಪ್ರಗತಿಯ ಸೂಚಕವಾಯಿತು.

2016ರಲ್ಲಿ ಅದು ಋತುವಿನ ಕೊನೆಯ ಗಂಟೆಯವರೆಗೆ ಕಾಯಿಸಿತು. ಮೇ 15ರಂದು ಕೊನೆಯ ಪಂದ್ಯಕ್ಕೆ ಇಳಿಯುವಾಗ ಟಾಟನ್‌ಹ್ಯಾಮ್ 70 ಅಂಕ, ಆರ್ಸೆನಲ್ 68. ಆಗಲೇ ಹಿಂಬಡ್ತಿ ಖಚಿತವಾಗಿದ್ದ ನ್ಯೂಕ್ಯಾಸಲ್ ವಿರುದ್ಧ ಟಾಟನ್‌ಹ್ಯಾಮ್‌ಗೆ ಒಂದು ಡ್ರಾ ಸಾಕಿತ್ತು. 5-1ರಿಂದ ಸೋತಿತು, ನ್ಯೂಕ್ಯಾಸಲ್ ಕೊನೆಯ ಹೊತ್ತು ಹತ್ತೇ ಜನರನ್ನಿಟ್ಟುಕೊಂಡು ಆಡಿದರೂ ಸೋತಿತು. ಅತ್ತ ಆರ್ಸೆನಲ್ ಆಸ್ಟನ್ ವಿಲ್ಲಾವನ್ನು 4-0ರಿಂದ ಮಣಿಸಿ 71ಕ್ಕೆ ಏರಿತು. ಒಂದೇ ಅಂಕದ ಅಂತರ. ಆರ್ಸೆನಲ್‌ನ ತವರಾದ ಎಮಿರೇಟ್ಸ್ ಕ್ರೀಡಾಂಗಣ ಸಂಭ್ರಮಿಸಿತು.

ಮರುವರ್ಷದ ಅಂಕಗಳನ್ನು ಇದರ ಪಕ್ಕದಲ್ಲಿಟ್ಟರೆ ಈ ಟಿಪ್ಪಣಿಯ ಮುಖ್ಯ ವಿಷಯ ಕಣ್ಣಿಗೆ ಬೀಳುತ್ತದೆ. 2016-17ರಲ್ಲಿ ಆರ್ಸೆನಲ್ 75 ಅಂಕ ಗಳಿಸಿತು, ಹಿಂದಿನ ವರ್ಷಕ್ಕಿಂತ ನಾಲ್ಕು ಹೆಚ್ಚು. ಆದರೆ ಟಾಟನ್‌ಹ್ಯಾಮ್ 70ರಿಂದ 86ಕ್ಕೆ ಜಿಗಿಯಿತು. ಒಂದು ಅಂಕದ ಮುನ್ನಡೆ ಹನ್ನೊಂದು ಅಂಕಗಳ ಹಿನ್ನಡೆಯಾಯಿತು. ಅಂತರದಲ್ಲಾದ ಒಟ್ಟು ಬದಲಾವಣೆ 12. ಅದರಲ್ಲಿ ಆರ್ಸೆನಲ್ ಹಿಂದೆ ಸರಿದದ್ದು ಒಂದಂಕವೂ ಇಲ್ಲ. ಆದರೂ ಏಪ್ರಿಲ್ 30ರಂದು ತನ್ನ ಹಳೆಯ ತವರು ವೈಟ್ ಹಾರ್ಟ್ ಲೇನ್‌ನಲ್ಲಿ ಡೆಲೆ ಆಲಿ ಮತ್ತು ಹ್ಯಾರಿ ಕೇನ್ ಗೋಲುಗಳಿಂದ ಟಾಟನ್‌ಹ್ಯಾಮ್ 2-0ರಿಂದ ಗೆದ್ದು, 22 ವರ್ಷಗಳಲ್ಲಿ ಮೊದಲ ಬಾರಿಗೆ ಮೇಲಿನ ಸ್ಥಾನ ಖಚಿತ ಮಾಡಿಕೊಂಡಾಗ, ಆರ್ಸೆನಲ್ ಅಭಿಮಾನಿಗಳು ಅದನ್ನು ತಮ್ಮ ಕ್ಲಬ್ಬಿನ ಕುಸಿತವೆಂದೇ ಓದಿದರು. 71 ಅಂಕಕ್ಕೆ ಸಂಭ್ರಮ, 75 ಅಂಕಕ್ಕೆ ಸಂಕಟ. ಆರ್ಸೆನಲ್ ಎರಡನೇ ಸ್ಥಾನದಿಂದ ಐದಕ್ಕೆ ಜಾರಿ ಚಾಂಪಿಯನ್ಸ್ ಲೀಗ್ ಅರ್ಹತೆಯನ್ನೂ ಕಳೆದುಕೊಂಡಿತ್ತು, ಹಾಗಾಗಿ ಸಂಕಟಕ್ಕೆ ಬೇರೆ ಕಾರಣವೂ ಇತ್ತು ಎನ್ನುವುದನ್ನು ಸೇರಿಸಬೇಕು. ಆದರೂ ಕುಸಿತ ಎಂಬ ತೀರ್ಪಿಗೆ ಆಧಾರವಾಗಿದ್ದದ್ದು ಬಹುಪಾಲು ನೆರೆಯವರ ಏರಿಕೆ.

ಇದರ ತದ್ವಿರುದ್ಧ ಉದಾಹರಣೆ ಹತ್ತು ಋತುಗಳ ಇನ್ನೊಂದು ತುದಿಯಲ್ಲಿದೆ. 2023-24ರಲ್ಲಿ ಆರ್ಸೆನಲ್ 89, ಟಾಟನ್‌ಹ್ಯಾಮ್ 66; ಅಂತರ 23. 2024-25ರಲ್ಲಿ ಆರ್ಸೆನಲ್ 74, ಟಾಟನ್‌ಹ್ಯಾಮ್ 38, ಅಂತರ 36. ಅಂತರವನ್ನಷ್ಟೇ ನೋಡುವವರಿಗೆ ಇದು ಆರ್ಸೆನಲ್‌ನ ದೊಡ್ಡ ಮುನ್ನಡೆಯ ವರ್ಷ. ಆದರೆ ಆ ವರ್ಷ ಆರ್ಸೆನಲ್ 15 ಅಂಕ ಕಳೆದುಕೊಂಡಿದೆ! ಟಾಟನ್‌ಹ್ಯಾಮ್ 28 ಅಂಕ ಕಳೆದುಕೊಂಡು, 38 ಪಂದ್ಯಗಳಲ್ಲಿ 22 ಸೋತು 17ನೇ ಸ್ಥಾನಕ್ಕೆ ಇಳಿದದ್ದರಿಂದ ಆರ್ಸೆನಲ್‌ನ ಇಳಿಕೆ ಮರೆಗೆ ಸರಿಯಿತು. ಇಬ್ಬರೂ ಕೆಳಗಿಳಿದರು, ಒಬ್ಬರು ವೇಗವಾಗಿ ಇಳಿದರು, ಇನ್ನೊಬ್ಬರಿಗೆ ತಾವು ಮೇಲೇರಿದಂತೆ ಕಂಡಿತು.

ನಡುವಿನ ವರ್ಷಗಳು ಇಷ್ಟು ನಾಟಕೀಯವಲ್ಲ. 2016-17ರಿಂದ 2021-22ರವರೆಗೆ ಆರು ಋತು ಟಾಟನ್‌ಹ್ಯಾಮ್ ಮೇಲಿತ್ತು. ಕೊನೆಯ ನಾಲ್ಕರಲ್ಲಿ ಅಂತರ ಕ್ರಮವಾಗಿ 1, 3, 1, 2. 2019-20ರಲ್ಲಿ ಎರಡೂ ತಂಡಗಳು ಒಟ್ಟಿಗೇ ಕುಸಿದವು, ಆರ್ಸೆನಲ್ 14 ಅಂಕ, ಟಾಟನ್‌ಹ್ಯಾಮ್ 12. ಅಂತರ ಬದಲಾದದ್ದು ಎರಡೇ ಅಂಕ. ಎರಡು ಕ್ಲಬ್‌ಗಳ ಪಾಲಿಗೂ ಕೆಟ್ಟದಾಗಿದ್ದ ಒಂದು ವರ್ಷ ಈ ಅಳತೆಗೋಲಿನಲ್ಲಿ ಏನೂ ನಡೆಯದ ವರ್ಷವಾಗಿ ದಾಖಲಾಗುತ್ತದೆ.

ಪಂದ್ಯಕ್ಕೆ ಮುಂಚಿನ ಲೆಕ್ಕಕ್ಕೆ ಇನ್ನೊಂದು ದೌರ್ಬಲ್ಯವಿದೆ: ಅದು ಋತುವಿನ ನಡುವೆ ತೆಗೆದ ಒಂದು ಕ್ಷಣದ ಚಿತ್ರ. 2012ರ ಫೆಬ್ರವರಿ 26ರ ಪಂದ್ಯಕ್ಕೆ ಬರುವಾಗ ಟಾಟನ್‌ಹ್ಯಾಮ್ ಹತ್ತು ಅಂಕ ಮುಂದಿತ್ತು. ಉತ್ತರ ಲಂಡನ್ನಿನ ಅಧಿಕಾರ ಕೈಬದಲಾಯಿತು ಎಂಬ ಮಾತು ಪತ್ರಿಕೆಗಳಲ್ಲೂ ಹೋಟೆಲು ಮೇಜುಗಳಲ್ಲೂ ಓಡಾಡುತ್ತಿತ್ತು. ಪಂದ್ಯದಲ್ಲೂ ಟಾಟನ್‌ಹ್ಯಾಮ್ 2-0 ಮುಂದೆ ಹೋಯಿತು; ಎರಡನೇ ಗೋಲು ಹೊಡೆದದ್ದು ಹಿಂದೆ ಆರ್ಸೆನಲ್‌ನಲ್ಲಿದ್ದ ಎಮಾನ್ಯುಯೆಲ್ ಅಡೆಬಯೋರ್. ಅಲ್ಲಿಂದ ಆರ್ಸೆನಲ್ ಐದು ಗೋಲು ಹೊಡೆಯಿತು. ಋತು ಮುಗಿದಾಗ ಆರ್ಸೆನಲ್ 70, ಟಾಟನ್‌ಹ್ಯಾಮ್ 69. ಮರುವರ್ಷ ಮಾರ್ಚ್ 3ರಂದು ಗ್ಯಾರೆತ್ ಬೇಲ್ ಮತ್ತು ಆರನ್ ಲೆನನ್ ಗೋಲುಗಳಿಂದ ಟಾಟನ್‌ಹ್ಯಾಮ್ 2-1ರಿಂದ ಗೆದ್ದು ಏಳು ಅಂಕ ಮುಂದೆ ಹೋಯಿತು. ಆರ್ಸೆನಲ್ ಇಳಿಮುಖದ ಸುಳಿಯಲ್ಲಿ ಸಿಕ್ಕಿದೆ, ಅದರಿಂದ ಹೊರಬರುವುದು ಕಷ್ಟ ಎಂಬ ಅರ್ಥದ ಮಾತನ್ನು ಟಾಟನ್‌ಹ್ಯಾಮ್ ತರಬೇತುದಾರ ಆಂಡ್ರೆ ವಿಲಾಸ್-ಬೋಆಸ್ ಆಡಿದರು. ಉಳಿದ ಹತ್ತು ಪಂದ್ಯಗಳಲ್ಲಿ ಆರ್ಸೆನಲ್ ಎಂಟು ಗೆದ್ದು ಎರಡು ಡ್ರಾ ಮಾಡಿಕೊಂಡಿತು. ಕೊನೆಗೆ 73 ಮತ್ತು 72. ಎರಡು ವರ್ಷವೂ ಡರ್ಬಿಯ, ಅಂದರೆ ಈ ನೆರೆಹೊರೆಯವರ ಪಂದ್ಯದ, ಹೊತ್ತಿನ ಅಂತರ ಮೇ ತಿಂಗಳವರೆಗೆ ಉಳಿಯಲಿಲ್ಲ.

ಒಂದು ಸರಳ ಲೆಕ್ಕ ಇದಕ್ಕೆ ಕಾರಣ ಹೇಳುತ್ತದೆ. ಒಂದು ಋತುವಿನಲ್ಲಿ ಒಂದು ತಂಡ ಗಳಿಸಬಹುದಾದ ಗರಿಷ್ಠ ಅಂಕ 114. ಅದರಲ್ಲಿ ನೆರೆಯ ಎದುರಾಳಿಯ ವಿರುದ್ಧ ಸಿಗಬಹುದಾದದ್ದು ಆರೇ ಅಂಕ. ಉಳಿದ 108 ಮಿಕ್ಕ 18 ತಂಡಗಳಿಂದ ಬರಬೇಕು. 2024-25ರಲ್ಲಿ ಆರ್ಸೆನಲ್ ಎರಡೂ ಡರ್ಬಿಗಳನ್ನು ಗೆದ್ದಿತು. ಹಾಗಿದ್ದೂ 36ರ ಅಂತರದಲ್ಲಿ ನೇರ ಹಣಾಹಣಿಯ ಪಾಲು ಆರು ಮಾತ್ರ. ಮಿಕ್ಕ 30 ಇತರ ತಂಡಗಳ ಎದುರು ಹುಟ್ಟಿದ್ದು.

ಇಷ್ಟು ದೋಷಗಳಿದ್ದೂ ಅಭಿಮಾನಿಗಳು ಈ ಅಳತೆಯನ್ನು ಏಕೆ ಬಿಡುವುದಿಲ್ಲ? ಸಾಮಾಜಿಕ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಮಂಡಿಸಿದ ಸಿದ್ಧಾಂತ ಒಂದು ಉತ್ತರ ಕೊಡುತ್ತದೆ: ನಿಖರ ಮಾನದಂಡ ಕೈಗೆ ಸಿಗದ ಕಡೆ ಮನುಷ್ಯರು ತಮ್ಮಂತೆಯೇ ಇರುವವರ ಜೊತೆ ತಮ್ಮನ್ನು ಹೋಲಿಸಿ ನೋಡಿಕೊಳ್ಳುತ್ತಾರೆ. ಇದು ಸರಿ, ಆದರೆ ಪೂರ್ತಿ ಉತ್ತರವಲ್ಲ. ಹೋಲಿಕೆಯ ಎದುರಾಳಿ ಬದಲಾಗದಿದ್ದರೂ ಹೋಲಿಕೆಯ ಮಾನದಂಡ ಬದಲಾಗುತ್ತಲೇ ಇರುತ್ತದೆ. ನನಗೆ ಹೆಚ್ಚು ಮಹತ್ವದ್ದಾಗಿ ಕಂಡದ್ದು ಈ ಅಂಶ.

ಟಾಟನ್‌ಹ್ಯಾಮ್ ಮೇಲಿದ್ದ ಆ ಆರು ಋತುಗಳನ್ನೇ ನೋಡಿ. ಟಾಟನ್‌ಹ್ಯಾಮ್ ಬೆಂಬಲಿಗರ ಕೈಯಲ್ಲಿ ಅಂಕಪಟ್ಟಿ ಇತ್ತು, 2019ರ ಚಾಂಪಿಯನ್ಸ್ ಲೀಗ್ ಫೈನಲ್ ಇತ್ತು, ಅದೇ ವರ್ಷ ಏಪ್ರಿಲ್‌ನಲ್ಲಿ ಬಾಗಿಲು ತೆರೆದ, ಎಮಿರೇಟ್ಸ್‌ಗಿಂತ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣವೂ ಇತ್ತು. ಟ್ರೋಫಿ ಮಾತ್ರ ಇರಲಿಲ್ಲ. ಆರ್ಸೆನಲ್ 2017 ಮತ್ತು 2020ರಲ್ಲಿ, ಎರಡು ಸಲವೂ ಚೆಲ್ಸಿಯನ್ನು ಸೋಲಿಸಿ, ಎಫ್‌ಎ ಕಪ್ ಗೆದ್ದಿತ್ತು. ಆಗ ಆರ್ಸೆನಲ್ ಅಭಿಮಾನಿಗಳ ವಾದ ಕಪಾಟಿನಲ್ಲಿ ಏನಿದೆ ತೋರಿಸಿ ಎಂಬುದಾಗಿತ್ತು. 2025ರ ಮೇ ಕೊನೆಗೆ ಪಾತ್ರಗಳು ಅದಲುಬದಲಾದವು. ಮೇ 21ರಂದು ಬಿಲ್ಬಾವೊದಲ್ಲಿ ಬ್ರೆನನ್ ಜಾನ್ಸನ್ ಅವರ ಒಂದೇ ಗೋಲಿನಿಂದ ಟಾಟನ್‌ಹ್ಯಾಮ್ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಮಣಿಸಿ ಯುರೋಪಾ ಲೀಗ್ ಗೆದ್ದಿತು. 2008ರ ಲೀಗ್ ಕಪ್ ನಂತರ ಅದಕ್ಕೆ ಸಿಕ್ಕ ಮೊದಲ ಟ್ರೋಫಿ ಅದು, ಜೊತೆಗೆ ಚಾಂಪಿಯನ್ಸ್ ಲೀಗ್ ಸ್ಥಾನ. ಸತತ ಮೂರನೇ ವರ್ಷ ಎರಡನೇ ಸ್ಥಾನ ಪಡೆದ ಆರ್ಸೆನಲ್‌ಗೆ ಆ ವರ್ಷ ಟ್ರೋಫಿ ಇಲ್ಲ. ಈಗ ಕಪಾಟಿನ ಮಾತಾಡುವವರು ಟಾಟನ್‌ಹ್ಯಾಮ್ ಕಡೆಯವರು. ಅಂಕಪಟ್ಟಿ ಓದಿ ಎನ್ನುವವರು ಆರ್ಸೆನಲ್ ಕಡೆಯವರು. ಐದು ವರ್ಷಗಳೊಳಗೆ ಎರಡೂ ಬಳಗಗಳು ಪರಸ್ಪರರ ವಾದವನ್ನು ಹಾಗೆಹಾಗೆಯೇ ಎತ್ತಿಕೊಂಡಿವೆ.

ಮಾನದಂಡದ ಈ ಆಯ್ಕೆ ಅಭಿಮಾನಿಗಳಿಗಷ್ಟೇ ಸೀಮಿತವೂ ಅಲ್ಲ. ಬಿಲ್ಬಾವೊ ಗೆಲುವಾಗಿ 16 ದಿನಗಳಿಗೆ, ಜೂನ್ 6ರಂದು, ಟಾಟನ್‌ಹ್ಯಾಮ್ ತನ್ನ ತರಬೇತುದಾರ ಆಂಜ್ ಪೊಸ್ಟೆಕೊಗ್ಲು ಅವರನ್ನು ಕೈಬಿಟ್ಟಿತು. ಪ್ರಕಟಣೆಯಲ್ಲಿ ಕ್ಲಬ್ ಮುಂದಿಟ್ಟ ಅಂಕಿ, ಕೊನೆಯ 66 ಲೀಗ್ ಪಂದ್ಯಗಳಲ್ಲಿ 78 ಅಂಕ ಎಂಬುದು. ಅವರ ಕಾಲದ ಲೀಗ್ ಪಂದ್ಯಗಳು ಒಟ್ಟು 76, ಅಂಕಗಳು 104. ಲೆಕ್ಕದ ಹೊರಗೆ ಉಳಿದ ಮೊದಲ ಹತ್ತು ಪಂದ್ಯಗಳಲ್ಲಿ ತಂಡ ಎಂಟು ಗೆದ್ದು ಎರಡು ಡ್ರಾ ಮಾಡಿಕೊಂಡು 26 ಅಂಕ ಗಳಿಸಿತ್ತು. ಒಳ್ಳೆಯ ಆರಂಭವಾಗಿತ್ತೆಂದು ಪ್ರಕಟಣೆಯೂ ಒಪ್ಪಿತ್ತು, ಆದರೆ ಅಳತೆ ಶುರುವಾದದ್ದು ಅದು ಮುಗಿದ ಮೇಲೆ. ಎಲ್ಲಿಂದ ಎಣಿಸಬೇಕು ಎಂಬ ತೀರ್ಮಾನದಲ್ಲಿಯೇ ಅರ್ಧ ತೀರ್ಪು ಅಡಗಿರುತ್ತದೆ.

ಅಂತರವೇ ಗುರಿಯಾದರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಮೇ 14ರ ಸಂಜೆ ಸಾಕ್ಷಿ. ಟಾಟನ್‌ಹ್ಯಾಮ್ ತವರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಆಡುತ್ತಿತ್ತು. ಗೆದ್ದರೆ ನಾಲ್ಕನೇ ಸ್ಥಾನದ ಆಸೆ ಜೀವಂತ. ಆದರೆ ಆ ಗೆಲುವು ಆರ್ಸೆನಲ್‌ಗೆ ಲೀಗ್ ಪ್ರಶಸ್ತಿಯ ದಾರಿ ತೆರೆಯುತ್ತಿತ್ತು. ತವರು ಪ್ರೇಕ್ಷಕರಲ್ಲಿ ಒಂದು ಪಾಲು ತಮ್ಮ ತಂಡ ಸೋಲಲಿ ಎಂದೇ ಬಯಸಿತು, ಸಿಟಿ ಗೋಲು ಹೊಡೆದಾಗ ಆರ್ಸೆನಲ್ಲನ್ನು ಅಣಕಿಸಿ ಹಾಡಿತು. ಎರ್ಲಿಂಗ್ ಹಾಲಾಂಡ್ ಎರಡು ಗೋಲು ಹೊಡೆದರು. ನಡುವೆ ಸಮಗೊಳಿಸುವ ಅವಕಾಶ ಸನ್ ಹ್ಯುಂಗ್-ಮಿನ್ ಕಾಲಿಗೆ ಬಂದಾಗ ಗೋಲ್‌ಕೀಪರ್ ಸ್ಟೆಫಾನ್ ಒರ್ಟೆಗಾ ತಡೆದರು. ಟಾಟನ್‌ಹ್ಯಾಮ್ ಚಾಂಪಿಯನ್ಸ್ ಲೀಗ್ ಸ್ಥಾನ ಕಳೆದುಕೊಂಡಿತು, ಸಿಟಿ 91 ಅಂಕಗಳೊಂದಿಗೆ 89ರ ಆರ್ಸೆನಲ್ಲನ್ನು ಹಿಂದಿಕ್ಕಿತು. ಪೊಸ್ಟೆಕೊಗ್ಲು ಆ ದಿನ ಸಿಟ್ಟಾದರು. ಕ್ಲಬ್ಬಿನ ಅಡಿಪಾಯವೇ ದುರ್ಬಲವಾಗಿದೆ ಎಂದರು. ಅವರ ಸಿಟ್ಟು ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಆದರೆ ಆ ಪ್ರೇಕ್ಷಕರು ಅವಿವೇಕಿಗಳಾಗಿರಲಿಲ್ಲ. ಆರ್ಸೆನಲ್ ಎರಡು ಸಲ, 1971ರಲ್ಲಿ ಮತ್ತು 2004ರಲ್ಲಿ, ಲೀಗ್ ಪ್ರಶಸ್ತಿಯನ್ನು ಖಚಿತ ಮಾಡಿಕೊಂಡದ್ದು ಅವರದೇ ವೈಟ್ ಹಾರ್ಟ್ ಲೇನ್‌ನಲ್ಲಿ. ಮೂರನೆಯ ಪ್ರಶಸ್ತಿಗೆ ತಮ್ಮದೇ ಅಂಗಳದಿಂದ ಹಾದಿ ಆಗುವುದು ಅವರಿಗೆ ಬೇಡವಾಗಿತ್ತು.

ಅಂಕಗಳ ಮೊತ್ತವೂ ಪರಿಶುದ್ಧ ಅಳತೆಯೇನಲ್ಲ. ಇತರ ತಂಡಗಳು ದುರ್ಬಲವಾದ ವರ್ಷ ಮೇಲಿನ ತಂಡಗಳ ಮೊತ್ತ ಉಬ್ಬಬಹುದು. ಆದರೂ 19 ತಂಡಗಳ ಎದುರು ಗಳಿಸಿದ ಮೊತ್ತ ಒಂದು ತಂಡದ ಏಳುಬೀಳಿನಿಂದ ಅಷ್ಟಾಗಿ ಅಲುಗಾಡುವುದಿಲ್ಲ. ಆದ್ದರಿಂದ ಮುಂದಿನ ಡರ್ಬಿಗೆ ಮುಂಚೆ ಹೋಲಿಕೆಗೆ ಕೂರುವವರು ಎರಡು ಕ್ಲಬ್‌ಗಳ ಏರಿಳಿತವನ್ನು ಮೊದಲು ಬೇರೆಬೇರೆ ಬರೆದುಕೊಂಡು, ಆಮೇಲೆ ಕಳೆಯಲಿ. ಹಾಗೆ ಮಾಡಿದರೆ ಈ ಹತ್ತು ಋತುಗಳಲ್ಲಿ ಟಾಟನ್‌ಹ್ಯಾಮ್ ತನ್ನ ಕಾಲಮೇಲೆ ಅತಿ ಹೆಚ್ಚು ಮುಂದೆ ಹೋದ ವರ್ಷ 2016-17. ಆರ್ಸೆನಲ್ ಅಂಥ ಹೆಜ್ಜೆ ಇಟ್ಟದ್ದು 2022-23ರಲ್ಲಿ, 69ರಿಂದ 84ಕ್ಕೆ ಏರಿದಾಗ. ಅಂತರ 36 ತಲುಪಿದ 2024-25 ಅದರ ಪಾಲಿಗೆ ಹಿನ್ನಡೆಯ ವರ್ಷ.