ಡಾಲ್ಗ್ಲಿಶ್ ಮರಳಿ ಬಂದಾಗ
2011ರ ಜನವರಿಯಲ್ಲಿ ಕೆನ್ನಿ ಡಾಲ್ಗ್ಲಿಶ್ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್ಬಾಲ್ ತಂಡಕ್ಕೆ ಮತ್ತೆ ಮ್ಯಾನೇಜರ್ ಆಗಿ ಬಂದಾಗ ಅಭಿಮಾನಿಗಳು ಹಿಗ್ಗಿದರು. ಅವರ ನೆನಪಿನಲ್ಲಿದ್ದುದು ಹಿಂದೆ ಅವರು ಗೆದ್ದುಕೊಟ್ಟ ಮೂರು ಲೀಗ್ ಪ್ರಶಸ್ತಿಗಳಷ್ಟೇ ಅಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ನಡೆದ ನೂಕುನುಗ್ಗಲು ತಂಡದ 97 ಅಭಿಮಾನಿಗಳನ್ನು ಬಲಿ ತೆಗೆದುಕೊಂಡಿತು. ಪೊಲೀಸರು ತಪ್ಪನ್ನು ಅಭಿಮಾನಿಗಳ ಮೇಲೆಯೇ ಹೊರಿಸಿದರು. ಆಗ ಡಾಲ್ಗ್ಲಿಶ್ ಒಂದೇ ದಿನ ನಾಲ್ಕು ಶವಸಂಸ್ಕಾರಗಳಿಗೆ ಹೋದದ್ದೂ ಉಂಟು. ದಣಿದು 1991ರಲ್ಲಿ ಹುದ್ದೆ ಬಿಟ್ಟರು.

ಮರಳಿದ ಮೇಲೆ 2012ರಲ್ಲಿ ಲೀಗ್ ಕಪ್ ಗೆದ್ದರೂ ಪ್ರೀಮಿಯರ್ ಲೀಗ್‌ನಲ್ಲಿ ತಂಡಕ್ಕೆ ಸಿಕ್ಕಿದ್ದು ಎಂಟನೆಯ ಸ್ಥಾನ. ಮಾಲೀಕರು ಅವರನ್ನು ತೆಗೆದುಹಾಕಿದರು. ಅದೇ ಕ್ಲಬ್ಬು 2017ರಲ್ಲಿ ಆನ್‌ಫೀಲ್ಡ್ ಮೈದಾನದ ಒಂದು ಸ್ಟ್ಯಾಂಡಿಗೆ ಅವರ ಹೆಸರಿಟ್ಟಿತು. ಸಾವಿನ ಮನೆಗೆ ಬಂದು ಹೆಗಲು ಕೊಟ್ಟವರನ್ನು ಜನ ಸೋಲು ಗೆಲುವಿನ ತಕ್ಕಡಿಯಲ್ಲಿ ತೂಗುವುದಿಲ್ಲ.