ನಾಲ್ಕಕ್ಷರದ ದ್ವಾರಪಾಲಕ

2002ನೆಯ ಇಸವಿಯ ಬೇಸಿಗೆ ರಜೆ. ಜಮಖಂಡಿಯ ಬಿಸಿಲಿಗೆ ಅಂಜಿ ಮನೆಯಲ್ಲಿಯೇ ಕುಳಿತಿದ್ದ ನಾನು ಗಣಕಯಂತ್ರದ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳು ಮೂಡಿದವು: ಎಲ್, ಐ. ಅಷ್ಟೇ. ಮುಂದೆ ಏನೂ ಇಲ್ಲ. ಮತ್ತೆ ಆರಿಸಿ ಹಚ್ಚಿದೆ. ಮತ್ತೆ ಅವೇ ಎರಡಕ್ಷರ.

ಆ ಯಂತ್ರದೊಳಗೆ ಬೆಲೆ ಕಟ್ಟಲಾಗದ ಒಂದು ವಸ್ತುವಿತ್ತು. ನಮ್ಮ ತೀರ್ಥರೂಪರು ತೀರಿಕೊಳ್ಳುವ ಮುನ್ನ ಹಲವು ಸಂಜೆಗಳಲ್ಲಿ ಜಮಖಂಡಿ ಸಂಸ್ಥಾನದ ಕೊನೆಯ ದಿನಗಳನ್ನೂ 1948ರ ವಿಲೀನದ ಸಮಯದ ಊರಿನ ಮಾತುಕತೆಯನ್ನೂ ಹೇಳಿದ್ದರು. ಅದನ್ನೆಲ್ಲ 'ಬರಹ' ತಂತ್ರಾಂಶದಲ್ಲಿ ಬೆರಳಚ್ಚಿಸಿ ಇಟ್ಟಿದ್ದೆ. ಬೇರೆ ಪ್ರತಿ ಇರಲಿಲ್ಲ. ವಿದ್ಯಾರ್ಥಿಗಳಿಗೆ ಎರಡು ಪ್ರತಿ ಬರೆದಿಡಿರೆಂದು ಬೋಧಿಸುತ್ತಿದ್ದ ಮಾಸ್ತರನ ಗತಿ ಇದು!

ತಪ್ಪು ನನ್ನದೇ. ಅದೇ ಯಂತ್ರದಲ್ಲಿ ವಿಂಡೋಸ್ ಜೊತೆಗೆ ರೆಡ್ ಹ್ಯಾಟ್ ಲಿನಕ್ಸಿನ 7.2ನೆಯ ಆವೃತ್ತಿಯನ್ನು ಹಾಕಿಕೊಂಡಿದ್ದೆ. ಯಂತ್ರ ಹಳೆಯದು, ಸ್ಮೃತಿ ಕಡಿಮೆ. ಬೇಡದ ಭಾಗಗಳನ್ನು ತೆಗೆದುಹಾಕಿ ಕರ್ನಲನ್ನು, ಅಂದರೆ ಇಡೀ ವ್ಯವಸ್ಥೆಯ ತಿರುಳನ್ನು, ನಾವೇ ಕಟ್ಟಿಕೊಂಡರೆ ಯಂತ್ರ ಹಗುರಾಗುತ್ತದೆಂದು ಓದಿದ್ದೆ. ಕರೆಂಟು ಎರಡು ಸಲ ಕೈಕೊಟ್ಟಿತು. ಮೂರನೆಯ ರಾತ್ರಿ ಕಟ್ಟುವ ಕೆಲಸ ಮುಗಿಯಿತು. ಬೆಳಗ್ಗೆ ಬೂಟ್ ಎಂಬ ಕಡತಕೋಶವನ್ನು ಅಚ್ಚುಕಟ್ಟು ಮಾಡುವ ಹುರುಪಿನಲ್ಲಿ ಅಲ್ಲಿದ್ದುದನ್ನೆಲ್ಲ ಬೇರೆಡೆಗೆ ನಕಲಿಸಿ, ಮೂಲವನ್ನು ಅಳಿಸಿ, ನಕಲನ್ನು ಮರಳಿ ತಂದಿಟ್ಟೆ. ಹೊಸ ಕರ್ನಲನ್ನೂ ಅಲ್ಲಿಯೇ ಸೇರಿಸಿದೆ. ಹೆಸರುಗಳೆಲ್ಲ ಮೊದಲಿನಂತೆಯೇ ಇದ್ದವು. ಆದರೂ ಯಂತ್ರ ಏಳಲಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಒಂದು ಸೊಗಸಾದ ಇತಿಹಾಸವೇ ತೆರೆದುಕೊಂಡಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಗಣಕಯಂತ್ರಕ್ಕೆ ವಿದ್ಯುತ್ತು ಹರಿದ ಗಳಿಗೆಯಲ್ಲಿ ಅದಕ್ಕೆ ಏನೂ ತಿಳಿದಿರುವುದಿಲ್ಲ. ತಟ್ಟೆಯಿಂದ ಕ್ರಮವಿಧಿಯನ್ನು ಓದಿಕೊಳ್ಳಬೇಕಾದರೆ ಓದುವ ಕ್ರಮವಿಧಿ ಮೊದಲೇ ಒಳಗಿರಬೇಕು. ಅದು ಒಳಗೆ ಬರಬೇಕಾದರೆ ಅದನ್ನು ಯಾರಾದರೂ ಓದಿರಬೇಕು. ಬೀಜವೃಕ್ಷ ನ್ಯಾಯವೆಂದರೆ ಇದೇ. ತನ್ನ ಜುಟ್ಟನ್ನು ತಾನೇ ಹಿಡಿದೆತ್ತಿ ಕೆಸರಿನಿಂದ ಹೊರಬಂದೆನೆಂದು ಬಡಾಯಿ ಕೊಚ್ಚಿದ ಜರ್ಮನಿಯ ಬ್ಯಾರನ್ ಮಂಚೌಸನ್ನನ ಕಥೆ ಪ್ರಸಿದ್ಧವಾದುದು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲೇಳುವುದೆಂಬ ಇಂಥದೇ ಇಂಗ್ಲಿಷ್ ಮಾತಿನಿಂದ ಯಂತ್ರ ಏಳುವ ಕ್ರಿಯೆಗೆ 'ಬೂಟ್‌ಸ್ಟ್ರ್ಯಾಪ್' ಎಂಬ ಹೆಸರು 1950ರ ದಶಕದಲ್ಲಿ ಬಂದಿತು. ಕಾಲಾಂತರದಲ್ಲಿ 'ಬೂಟ್' ಆಯಿತು. 1975ರಲ್ಲಿ ಬಂದ ಆಲ್ಟೇರ್ 8800 ಎಂಬ ಯಂತ್ರದಲ್ಲಿ ಈ ಮೊದಲ ಪಾಠವನ್ನು ಮುಂಭಾಗದ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಕೈಯಾರೆ ಕಲಿಸಬೇಕಾಗಿತ್ತು.

1981ರಲ್ಲಿ ಐಬಿಎಂ ಸಂಸ್ಥೆಯ ಪಿ.ಸಿ. ಬಂದಾಗ ಆ ಮೊದಲ ಪಾಠವನ್ನು ಅಳಿಯದ ಸ್ಮೃತಿಯ ಬಿಲ್ಲೆಯಲ್ಲಿ ಬರೆದಿಟ್ಟರು. ಅದರ ಹೆಸರು ಬಯಾಸ್. ಅದರ ಒಂದು ಮುಖ್ಯ ಕೆಲಸ: ತಟ್ಟೆಯ ಮೊಟ್ಟಮೊದಲ ತುಣುಕನ್ನು ಓದಿ ಅಧಿಕಾರವನ್ನು ಅದಕ್ಕೆ ಒಪ್ಪಿಸುವುದು. ಆ ತುಣುಕಿನ ಗಾತ್ರ 512 ಬೈಟು. 1983ರಲ್ಲಿ ಹಾರ್ಡ್ ಡಿಸ್ಕುಗಳಿಗಾಗಿ ರೂಢಿಗೆ ಬಂದ ಏರ್ಪಾಡಿನಂತೆ ಅದರಲ್ಲಿ 64 ಬೈಟು ತಟ್ಟೆಯ ವಿಭಾಗಗಳ ಲೆಕ್ಕಕ್ಕೆ, 2 ಬೈಟು ಮುದ್ರೆಗೆ ಹೋಗುತ್ತವೆ. ಉಳಿಯುವುದು 446 ಬೈಟು. ಇಂಗ್ಲಿಷಿನಲ್ಲಿ ಬರೆದ ಒಂದು ಅಂಚೆ ಕಾರ್ಡಿನಷ್ಟು ಜಾಗ! ಅಷ್ಟರಲ್ಲಿಯೇ ಇಡೀ ವ್ಯವಸ್ಥೆಯನ್ನು ಎಬ್ಬಿಸುವ ದಾರಿಯನ್ನು ಹೇಳಬೇಕು.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರತಂದ. ಮರುವರ್ಷವೇ ವರ್ನರ್ ಆಲ್ಮ್‌ಸ್‌ಬರ್ಗರ್ ಎಂಬವರು ಅದಕ್ಕೊಬ್ಬ ದ್ವಾರಪಾಲಕನನ್ನು ರಚಿಸಿದರು. 'ಲಿನಕ್ಸ್ ಲೋಡರ್' ಎಂಬುದನ್ನು ಮೊಟಕುಮಾಡಿ ಅದಕ್ಕೆ 'ಲಿಲೋ' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಅಷ್ಟು ಚಿಕ್ಕ ಜಾಗದಲ್ಲಿ ಕಡತಗಳ ಹೆಸರನ್ನು ಓದುವ ವಿದ್ಯೆಯನ್ನು ತುಂಬುವುದು ಸಾಧ್ಯವಿರಲಿಲ್ಲ. ಆದ್ದರಿಂದ ಲಿಲೋ ಹೆಸರನ್ನು ನೋಡುವುದೇ ಇಲ್ಲ. ಕರ್ನಲ್ ತಟ್ಟೆಯ ಮೇಲೆ ಎಲ್ಲೆಲ್ಲಿ ಕುಳಿತಿದೆಯೋ ಆ ಸ್ಥಳಗಳ ಅಂಕಿಗಳನ್ನು ಮುಂಚಿತವಾಗಿ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು ನೇರವಾಗಿ ಅಲ್ಲಿಗೆ ಹೋಗುತ್ತದೆ. ಕರ್ನಲನ್ನು ಬದಲಿಸಿದಾಗಲೆಲ್ಲ ಲಿಲೋ ಆಜ್ಞೆಯನ್ನು ಒಮ್ಮೆ ಓಡಿಸಿ ಆ ಪಟ್ಟಿಯನ್ನು ಹೊಸದಾಗಿ ಬರೆಸಬೇಕು. ನಾನು ಮರೆತದ್ದು ಇದನ್ನೇ.

ನಮ್ಮ ಬೀಳಗಿ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಏರಿಬಂದಾಗ ಎಷ್ಟೋ ಊರುಗಳು ಹೆಸರನ್ನು ಉಳಿಸಿಕೊಂಡು ನೆಲವನ್ನು ಬದಲಿಸಿದವು. ಹೆಸರು ಕೇಳಿಕೊಂಡು ಹೋಗುವವನಿಗೆ ಊರು ಸಿಕ್ಕುತ್ತದೆ. ಹಳೆಯ ನೆಲದ ಗುರುತು ಹಿಡಿದು ಹೊರಟವನಿಗೆ ಸಿಕ್ಕುವುದು ನೀರು. ಲಿಲೋ ಎರಡನೆಯ ಬಗೆಯ ಪಯಣಿಗ.

ಆದರೆ ಅದರ ಒಂದು ಗುಣವನ್ನು ಮೆಚ್ಚಲೇಬೇಕು. ಒಂದೊಂದು ಹೆಜ್ಜೆ ಸಾಗಿದಂತೆ ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಅದು ಪರದೆಯ ಮೇಲೆ ಬರೆಯುತ್ತದೆ. ಎಲ್ ಮಾತ್ರ ಬಂದು ಸಂಖ್ಯೆಗಳು ಸಾಲುಗಟ್ಟಿದರೆ ಎರಡನೆಯ ಹಂತವನ್ನು ಓದಲು ಆಗಿಲ್ಲ. ಎಲ್, ಐ ಬಂದು ನಿಂತರೆ ಎರಡನೆಯ ಹಂತ ಸಿಕ್ಕಿದೆ, ಆದರೆ ನಡೆಯುತ್ತಿಲ್ಲ. ಅದರ ಕಡತ ಜಾಗ ಬದಲಿಸಿರಬಹುದು ಅಥವಾ ತಟ್ಟೆಯ ಅಳತೆ ಹೊಂದುತ್ತಿಲ್ಲ. ಮೂರಕ್ಷರ ಬಂದು ನಿಂತರೆ ಪಟ್ಟಿಯನ್ನು ಓದಲಾಗಿಲ್ಲ. ನಾಲ್ಕೂ ಬಂದರೆ ಬಾಗಿಲು ತೆರೆಯಿತು. ಸೋತ ಜಾಗವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ವಿದ್ಯಾರ್ಥಿಗಳು ನನಗೆ ಸಿಕ್ಕಿದ್ದು ವಿರಳ.

ಲಿಲೋವಿನ ಕಾಲಕ್ಕೆ ಇನ್ನೊಂದು ತೊಡಕೂ ಇತ್ತು. ಹಳೆಯ ಬಯಾಸ್ ತಟ್ಟೆಯ ಮೊದಲ 1024 ಸಿಲಿಂಡರುಗಳಾಚೆಗೆ, ಅಂದರೆ ಹೆಚ್ಚೆಂದರೆ 8.4 ಗಿಗಾಬೈಟಿನಾಚೆಗೆ, ಕೈ ಚಾಚಲಾರದು. ಕರ್ನಲ್ ಆ ಗಡಿ ದಾಟಿ ಕುಳಿತರೆ ಯಂತ್ರ ಏಳುತ್ತಿರಲಿಲ್ಲ. ಅದಕ್ಕಾಗಿಯೇ ತಟ್ಟೆಯ ಆರಂಭದಲ್ಲಿ ಬೂಟ್‌ಗೆಂದು ಒಂದು ಚಿಕ್ಕ ವಿಭಾಗ ಮಾಡುವ ಪದ್ಧತಿ ಬೆಳೆಯಿತು.

1995ರಲ್ಲಿ ಎರಿಕ್ ಬೋಲಿನ್ ಎಂಬವರು ಗ್ನೂ ಹರ್ಡ್ ಎಂಬ ಬೇರೊಂದು ವ್ಯವಸ್ಥೆಯನ್ನು ಎಬ್ಬಿಸಲು 'ಗ್ರಬ್' ಎಂಬ ಕ್ರಮವಿಧಿಯನ್ನು ಬರೆದರು. 1999ರಲ್ಲಿ ಅದು ಗ್ನೂ ಯೋಜನೆಯ ಅಧಿಕೃತ ಭಾಗವಾಯಿತು. ಇದು ಅಕ್ಷರ ಬಲ್ಲ ದ್ವಾರಪಾಲಕ: ಕಡತವ್ಯವಸ್ಥೆಯನ್ನು ತಾನೇ ಓದಿ, ಹೆಸರು ಹಿಡಿದು ಕರ್ನಲನ್ನು ಹುಡುಕುತ್ತದೆ. ರೆಡ್ ಹ್ಯಾಟ್ 2001ರ ಅಕ್ಟೋಬರಿನಲ್ಲಿ ತಂದ 7.2ನೆಯ ಆವೃತ್ತಿಯಲ್ಲಿ ಗ್ರಬ್ಬನ್ನೇ ರೂಢಿಯ ಆಯ್ಕೆಯಾಗಿ ಇಟ್ಟು, ಲಿಲೋವನ್ನು ಬೇಕಾದವರಿಗೆ ಬಿಟ್ಟಿತ್ತು. ನಾನು ಕೇಳಿ ಪಡೆದದ್ದು ಲಿಲೋವನ್ನು. ಕಾರಣವಿಷ್ಟೇ: ನನ್ನಲ್ಲಿದ್ದ ಹಳೆಯ ಪತ್ರಿಕೆಗಳಲ್ಲಿ ಅದರ ವಿವರಣೆ ಇತ್ತು. ಬೆಳಗಾವಿಯಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಸಿದ ಅತುಲ್ ಚಿಟ್ನಿಸ್ ಅವರು 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆಯೊಡನೆ ಲಿನಕ್ಸಿನ ಸಿ.ಡಿ. ಹಂಚುವ ಪರಿಪಾಠಕ್ಕೆ ಮುಂದಾದವರು. ಅಂತರಜಾಲವಿಲ್ಲದ ಊರುಗಳಿಗೆ ಲಿನಕ್ಸ್ ತಲುಪಿದ್ದು ಇಂಥ ಸಿ.ಡಿ.ಗಳಿಂದ. 2013ರಲ್ಲಿ ಅವರು ತೀರಿಕೊಂಡಾಗ ಗುರುತಿಲ್ಲದ ಗುರುವನ್ನು ಕಳೆದುಕೊಂಡಂತಾಯಿತು.

ನನ್ನ ಕಥೆಗೆ ಮರಳುತ್ತೇನೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಿದ್ದ. ಹೇಳಿಕಳಿಸಿದೆ. ಬಂದವನು ಪರದೆಯನ್ನು ನೋಡಿ ನಕ್ಕ.

"ಹೆದರಬ್ಯಾಡ್ರಿ ಸರ್. ಒಳಗಿಂದು ಏನೂ ಹೋಗಿಲ್ಲ. ಬಾಗ್ಲಾಗ ನಿಂತಾಂವಗ ದಾರಿ ತಪ್ಪೇತಿ, ಅಷ್ಟ."

"ನಮ್ಮಪ್ಪಾರ ಬರಹ ಐತೋ ಇಲ್ಲೋ ಅದನ್ನಷ್ಟ ಹೇಳಪಾ," ಎಂದೆ.

ಅವನು ಲಿನಕ್ಸಿನ ಸಿ.ಡಿ. ಹಾಕಿ ದುರಸ್ತಿಯ ದಾರಿಯಿಂದ ಯಂತ್ರವನ್ನು ಎಬ್ಬಿಸಿದ. ತಟ್ಟೆಯೊಳಕ್ಕೆ ಹೊಕ್ಕು ಲಿಲೋ ಆಜ್ಞೆಯನ್ನು ಓಡಿಸಿದ. ಮರಳಿ ಹಚ್ಚಿದಾಗ ನಾಲ್ಕೂ ಅಕ್ಷರಗಳು ಮೂಡಿದವು. ನನ್ನ ಹೊಸ ಕರ್ನಲನ್ನು ಆರಿಸಿದೆವು. ಅದು ತುಸು ದೂರ ಓಡಿ, ಮೂಲ ಕಡತವ್ಯವಸ್ಥೆ ಸಿಕ್ಕುತ್ತಿಲ್ಲವೆಂದು ಕೂಗಿ ನಿಂತಿತು. ಕರ್ನಲ್ ಪ್ಯಾನಿಕ್!

ಇದು ಎರಡನೆಯ ತಪ್ಪು. ತಟ್ಟೆಯನ್ನು ಓದುವ ಭಾಗವನ್ನು ನಾನು ಕರ್ನಲಿನೊಳಗೆ ಸೇರಿಸದೆ, ಬೇಕಾದಾಗ ತೆಗೆದುಕೊಳ್ಳುವ ಬಿಡಿಭಾಗವಾಗಿ ಮಾಡಿದ್ದೆ. ಆ ಬಿಡಿಭಾಗ ಇದ್ದದ್ದು ಅದೇ ತಟ್ಟೆಯ ಮೇಲೆ. ಟ್ರಂಕಿನ ಕೀಲಿಯನ್ನು ಟ್ರಂಕಿನೊಳಗೇ ಇಟ್ಟು ಬೀಗ ಜಡಿದಂತೆ! ಇದಕ್ಕೆ ಪರಿಹಾರ ಎರಡು: ಅದನ್ನು ಕರ್ನಲಿನಲ್ಲಿಯೇ ಸೇರಿಸುವುದು, ಇಲ್ಲವೆ ಕೀಲಿಗಳನ್ನೆಲ್ಲ ಕಟ್ಟಿದ 'ಇನಿಟ್‌ಆರ್‌ಡಿ' ಎಂಬ ಚಿಕ್ಕ ಗಂಟನ್ನು ಕರ್ನಲಿನ ಜೊತೆಗೇ ಕಳಿಸುವುದು.

ಪುಣ್ಯಕ್ಕೆ ಹಳೆಯ ಕರ್ನಲ್ ಮತ್ತು ಅದರ ಹೆಸರು ಪಟ್ಟಿಯಲ್ಲಿ ಉಳಿದಿದ್ದವು. ಅದನ್ನು ಆರಿಸಿದಾಗ ಲಿನಕ್ಸ್ ಎದ್ದಿತು. ವಿಂಡೋಸ್ ಕೂಡ ಎದ್ದಿತು. ತೀರ್ಥರೂಪರ ಮಾತುಗಳು ಒಂದಕ್ಷರವೂ ಕೆಡದೆ ಇದ್ದವು. ಆ ಸಂಜೆಯೇ ಎರಡು ಫ್ಲಾಪಿಗಳಿಗೆ ನಕಲಿಸಿದೆ.

ಆಮೇಲಿನ ಇತಿಹಾಸ ಬೇಗ ಹೇಳಿ ಮುಗಿಸಬಹುದು. ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂದಿತು. 446 ಬೈಟುಗಳ ಇಕ್ಕಟ್ಟು ತೀರಿ, ಬೂಟ್ ಕಡತಗಳಿಗೆಂದೇ ಒಂದು ವಿಭಾಗ ದೊರೆಯಿತು. 2012ರಲ್ಲಿ ಗಮ್ಮಿಬೂಟ್ ಎಂಬ ಸರಳ ದ್ವಾರಪಾಲಕ ಹುಟ್ಟಿ, 2015ರಲ್ಲಿ ಸಿಸ್ಟಮ್‌ಡಿ-ಬೂಟ್ ಆಯಿತು. ಅದೇ 2015ರ ಡಿಸೆಂಬರಿನಲ್ಲಿ ಲಿಲೋವಿನ ಅಭಿವೃದ್ಧಿ ನಿಂತಿತು. ಆದರೆ ತೊಂದರೆಯ ಬಗೆ ಬದಲಾಗಲಿಲ್ಲ. ಇಂದು ಗ್ರಬ್ಬನ್ನು ನಂಬಿದ ವ್ಯವಸ್ಥೆಯಲ್ಲಿ ಸಿಸ್ಟಮ್‌ಡಿ-ಬೂಟನ್ನು ಹಾಕಿಕೊಂಡು ಸ್ವಂತ ಕರ್ನಲ್ ಕಟ್ಟಿದವನು ಅದನ್ನು ಬೂಟ್ ಕಡತಕೋಶದಲ್ಲಿ ಇಟ್ಟು ಸುಮ್ಮನಾಗುತ್ತಾನೆ; ದ್ವಾರಪಾಲಕ ನೋಡುವುದು ಮಾತ್ರ ಯುಇಎಫ್‌ಐ ವಿಭಾಗವನ್ನು. ಅಲ್ಲಿ ಜಾಗ ತುಂಬಿದ್ದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ ಸಹಿಯಿಲ್ಲದ ಕರ್ನಲಿಗೆ ಪ್ರವೇಶವೇ ಇಲ್ಲ. ಆದುದರಿಂದ ಇಂದೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ: ದ್ವಾರಪಾಲಕ ಎಲ್ಲಿ ನೋಡುತ್ತಾನೆ? ಹೊಸಬ ಬಂದದ್ದನ್ನು ಅವನಿಗೆ ತಿಳಿಸಿದ್ದೇವೆಯೇ? ಕೀಲಿ ಪೆಟ್ಟಿಗೆಯ ಹೊರಗಿದೆಯೇ? ಹಳಬ ಇನ್ನೂ ಇದ್ದಾನೆಯೇ?

ಕೊನೆಯ ಪ್ರಶ್ನೆಯನ್ನು ನನಗೆ ಮನದಟ್ಟು ಮಾಡಿಸಿದವರು ರಬಕವಿ-ಬನಹಟ್ಟಿಯ ನೇಕಾರರು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಣಿಗೆಯಲ್ಲಿ ಹಾಯ್ದಿರುವ ಹಳೆಯ ಎಳೆಗಳ ತುದಿಯನ್ನು ಹಾಗೆಯೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಹೊಸ ಎಳೆಗಳೆಲ್ಲ ಹಣಿಗೆ ದಾಟಿ ಬಂದ ಮೇಲೆಯೇ ಹಳೆಯದಕ್ಕೆ ಬಿಡುಗಡೆ. ಮೊದಲೇ ಕತ್ತರಿಸಿದರೆ ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಪೋಣಿಸುತ್ತ ಕೂಡಬೇಕು.

ಸ್ವಂತ ಕರ್ನಲ್ ಕಟ್ಟಬಯಸುವ ಕಿರಿಯರಿಗೆ ನನ್ನ ಕಿವಿಮಾತು ಇಷ್ಟೇ: ಕಟ್ಟಿರಿ, ಆದರೆ ಹೊಸದು ಎದ್ದು ನಿಂತದ್ದನ್ನು ಕಣ್ಣಾರೆ ಕಾಣುವ ತನಕ ಹಳೆಯದನ್ನು ಅಳಿಸಬೇಡಿ. ನಿಮ್ಮ ಹಿರಿಯರ ಮಾತುಗಳನ್ನು ಬರೆದಿಟ್ಟಿದ್ದರೆ, ದಯವಿಟ್ಟು ಇಂದೇ ಇನ್ನೊಂದು ಪ್ರತಿ ಮಾಡಿಕೊಳ್ಳಿ.